ಅಸಮ ವಿವಾಹದ ಆಕರ್ಷಣೆ: ಐತಿಹಾಸಿಕ ಪ್ರಣಯ ಕಾದಂಬರಿ ಹಾಗೂ ಸೂಳೆಕೆರೆ ಸೀಮೆಯ ಐತಿಹ್ಯಗಳು

ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ಕೆರೆಬಿಳಚಿಯ ಪರಿಸರದಲ್ಲಿ ಎರಡು ಸ್ಥಳನಾಮಗಳು ಎರಡು ಮದುವೆಗಳ ಕತೆಯನ್ನು ಹೊತ್ತು ನಿಂತಿವೆ. ಒಂದು, ತಾಲ್ಲೂಕಿನ ಕೇಂದ್ರವಾದ ಚನ್ನಗಿರಿ. ಕೆಳದಿಯ ರಾಣಿ ಚೆನ್ನಮ್ಮಾಜಿಯಿಂದಾಗಿ ಆ ಊರಿಗೆ ಈ ಹೆಸರು ಬಂದಿತೆಂಬುದು ರೂಢಿಯ ಮಾತು. ಇನ್ನೊಂದು, ಕೆರೆಬಿಳಚಿಗೆ ಸಮೀಪದ ಸೂಳೆಕೆರೆ. ಅರಸುಕುವರಿ ಶಾಂತವ್ವೆಯು ಸಿದ್ಧೇಶ್ವರನನ್ನು ವರಿಸಿ ತಂದೆಯ ಬೈಗುಳಕ್ಕೆ ಗುರಿಯಾಗಿ ಕಟ್ಟಿಸಿದಳೆಂದು ಹೇಳಲಾಗುವ ಈ ಜಲರಾಶಿಗೆ ಸರ್ಕಾರಿ ದಾಖಲೆಗಳಲ್ಲಿ ಶಾಂತಿಸಾಗರವೆಂಬ ಹೆಸರಿದೆ. ಜನರ ಬಾಯಲ್ಲಿ ಅದು ಸೂಳೆಕೆರೆಯೇ. ಎರಡೂ ಮದುವೆಗಳು ಹಿರಿಯರು ಒಪ್ಪಬಾರದಿದ್ದಂಥವು. ಒಂದರ ನಾಯಕಿಯ ಹೆಸರು ಗಿರಿಗೆ ಸಂದಿತು. ಇನ್ನೊಬ್ಬಳ ಹೆಸರನ್ನು ಜನ ಕತೆಯಲ್ಲಿ ಉಳಿಸಿಕೊಂಡರು, ಆಕೆಗೆ ಬಿದ್ದ ಬೈಗುಳವನ್ನು ಕೆರೆಗೆ ಕೊಟ್ಟರು. ಈ ವ್ಯತ್ಯಾಸದ ಬೆಳಕಿನಲ್ಲಿ ಕನ್ನಡದ ಐತಿಹಾಸಿಕ ಪ್ರಣಯ ಕಾದಂಬರಿಗಳ ಆಕರ್ಷಣೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಐತಿಹಾಸಿಕ ಕಾದಂಬರಿಯನ್ನು ಕನ್ನಡ ವಿಮರ್ಶೆ ಬಹುಕಾಲ ಅರೆಮನಸ್ಸಿನಿಂದಲೇ ನೋಡಿದೆ. ಬಿ. ವೆಂಕಟಾಚಾರ್ಯರ ಅನುವಾದಗಳು ಮತ್ತು ಗಳಗನಾಥರ ಕೃತಿಗಳು ಕನ್ನಡಕ್ಕೆ ಓದುಗರನ್ನು ತಂದುಕೊಟ್ಟವೆಂಬ ಮಾತನ್ನು ಎಲ್ಲ ಸಾಹಿತ್ಯ ಚರಿತ್ರೆಗಳೂ ಹೇಳುತ್ತವೆ. ಆ ಓದುಗರು ಏನನ್ನು ಓದಲು ಬಂದರೆಂಬ ಪ್ರಶ್ನೆಗೆ ಮಾತ್ರ ‘ನಾಡಿನ ಗತವೈಭವ’ ಎಂಬ ಸಿದ್ಧ ಉತ್ತರ ದೊರೆಯುತ್ತದೆ. ಗತವೈಭವವೇ ಮುಖ್ಯವಾಗಿದ್ದರೆ ಯುದ್ಧ, ದಿಗ್ವಿಜಯ, ದತ್ತಿಗಳ ವರ್ಣನೆಯೇ ಸಾಕಾಗುತ್ತಿತ್ತು. ಗ್ರಂಥಾಲಯದ ಪ್ರತಿಗಳಲ್ಲಿ ಸವೆದಿರುವ ಪುಟಗಳು ಸಾಮಾನ್ಯವಾಗಿ ಅವಲ್ಲ. ಜಾತ್ರೆಯಲ್ಲಿ, ಕೊಳದ ದಡದಲ್ಲಿ, ನೃತ್ಯಸಭೆಯಲ್ಲಿ ಸಂಭವಿಸುವ ಮೊದಲ ಭೇಟಿ, ಮಂತ್ರಿಯ ಆಕ್ಷೇಪಣೆ, ರಾಜಮಾತೆಯ ಮೌನ, ಕಡೆಗೆ ಕೂಡಿಬರುವ ಕಂಕಣಬಲ, ಇವುಗಳೇ ಓದುಗರನ್ನು ಹಿಡಿದು ನಿಲ್ಲಿಸುವ ಘಟ್ಟಗಳು. ಕುಲ, ಗೋತ್ರ, ಬಳಿ, ಬೆಡಗು ವಿಚಾರಿಸದೆ ಹೆಣ್ಣು ತಾರದ, ಕೊಡದ ಸಮಾಜವೊಂದು ಸರಿಜೋಡಿಯಲ್ಲದ ಮದುವೆಯ ಕತೆಗಳನ್ನು ಇಷ್ಟು ಅಕ್ಕರೆಯಿಂದ ಓದುವುದು ಮೇಲುನೋಟಕ್ಕೆ ವಿರೋಧಾಭಾಸವೆನಿಸುತ್ತದೆ. ಹಾಗೆ ಕಾಣಲು ಆ ಮದುವೆಗಳು ನಿಜಕ್ಕೂ ಎಷ್ಟು ಅಸಮವೆಂಬುದನ್ನು ಯಾರೂ ಅಳೆದು ನೋಡದಿರುವುದೇ ಕಾರಣ.

ಚೆನ್ನಮ್ಮಾಜಿಯ ಪ್ರಸಂಗದಿಂದಲೇ ಈ ಅಳತೆಯನ್ನು ಆರಂಭಿಸಬಹುದು. ಕೆಳದಿ ಅರಸರ ಇತಿಹಾಸಕ್ಕೆ ಲಿಂಗಣ್ಣ ಕವಿಯ ‘ಕೆಳದಿನೃಪವಿಜಯ’ ಪ್ರಮುಖ ಸಾಹಿತ್ಯಿಕ ಆಕರ. 18ನೆಯ ಶತಮಾನದ ಈ ಚಂಪೂಕೃತಿ ಹಾಗೂ ಅದರ ಆಧಾರದ ಮೇಲೆ ಬೆಳೆದ ಬರಹಗಳ ಪ್ರಕಾರ ಚೆನ್ನಮ್ಮ ಕೋಟಿಪುರದ ಸಿದ್ದಪ್ಪ ಶೆಟ್ಟಿಯ ಮಗಳು. ಸೋಮಶೇಖರ ನಾಯಕನು ಆಕೆಯನ್ನು 1667ರಲ್ಲಿ ವಿವಾಹವಾದನು. ರಾಮೇಶ್ವರನ ಜಾತ್ರೆಗೆ ಬಂದಿದ್ದ ಚೆಲುವೆಯನ್ನು ಅರಸ ಕಂಡು ಮನಸೋತನೆಂದೂ, ಅರಸು ಮನೆತನದ ಕನ್ಯೆಯಲ್ಲವೆಂದು ಮಂತ್ರಿ ತಡೆದನೆಂದೂ, ಅರಸ ಪಟ್ಟು ಬಿಡಲಿಲ್ಲವೆಂದೂ ಜನಪ್ರಿಯ ಕಥನಗಳು ಹೇಳುತ್ತವೆ. ಶಾಲೆಯ ಪಾಠ, ನಾಟಕ, ಮಕ್ಕಳ ಪುಸ್ತಕ, ಕಾದಂಬರಿ ಎಲ್ಲೆಡೆಯೂ ಈ ಘಟ್ಟ ಹೆಚ್ಚುಕಡಿಮೆ ಒಂದೇ ಬಗೆಯಲ್ಲಿದೆ. ಶಕುಂತಲೆಯ ಕತೆಯ ನೆರಳು ಇದರಲ್ಲಿ ಸ್ಪಷ್ಟವಾಗಿದ್ದರೂ ಆಶ್ರಮದ ಬದಲು ಜಾತ್ರೆ ಬಂದಿರುವುದು ಗಮನಾರ್ಹ. ಎಲ್ಲ ಅಂತಸ್ತಿನ ಜನರು ಒಂದೇ ಬೀದಿಯಲ್ಲಿ ಓಡಾಡಬಹುದಾದ ದಿನ ಅದೊಂದೇ.

ಈ ಮದುವೆಯ ಅಸಮತೆ ಎಲ್ಲಿದೆ? ಕೆಳದಿಯ ನಾಯಕರು ವೀರಶೈವರು. ಸಿದ್ದಪ್ಪ ಶೆಟ್ಟಿಯೂ ವೀರಶೈವನೆಂದೇ ಪರಂಪರೆ ಹೇಳುತ್ತದೆ. ಲಿಂಗವಂತರ ಮನೆಯಿಂದ ಲಿಂಗವಂತರ ಮನೆಗೆ ಹೆಣ್ಣು ಬಂದಿದ್ದಾಳೆ. ಅಂತರವಿರುವುದು ವೃತ್ತಿ ಮತ್ತು ಪದವಿಗಳಲ್ಲಿ ಮಾತ್ರ. ಅದೂ ಎಷ್ಟು? ಕೆಳದಿ ರಾಜ್ಯದ ಬೊಕ್ಕಸ ನಿಂತಿದ್ದುದು ಮಲೆನಾಡಿನ ಮೆಣಸು, ಕರಾವಳಿಯ ಅಕ್ಕಿ ಹಾಗೂ ಘಟ್ಟದ ಕೆಳಗಿನ ಬಂದರುಗಳ ಸುಂಕದ ಮೇಲೆ. ಪೋರ್ಚುಗೀಸರೊಂದಿಗೆ ಈ ಅರಸರು ಮಾಡಿಕೊಂಡ ಒಪ್ಪಂದಗಳಲ್ಲಿ ವ್ಯಾಪಾರದ ಮಾತೇ ಮುಖ್ಯ. ಅಂಥ ರಾಜ್ಯದಲ್ಲಿ ಶೆಟ್ಟಿಯೊಬ್ಬನ ಮಗಳು ರಾಣಿಯಾಗುವುದು ಕತೆ ಹೇಳುವಷ್ಟು ಅಘಟಿತವೇನಲ್ಲವೆಂದು ಊಹಿಸಲು ಅವಕಾಶವಿದೆ. ಇಂಗ್ಲಿಷ್ ಐತಿಹಾಸಿಕ ಪ್ರಣಯ ಕಾದಂಬರಿಗಳ ಹೆಸರಾಂತ ಲೇಖಕಿ ಜಾರ್ಜೆಟ್ ಹೇಯರ್ 1961ರ ‘ಎ ಸಿವಿಲ್ ಕಾಂಟ್ರ್ಯಾಕ್ಟ್’ ಕಾದಂಬರಿಯಲ್ಲಿ ಸಾಲದಲ್ಲಿ ಮುಳುಗಿದ ಶ್ರೀಮಂತ ಕುಲದ ತರುಣನಿಗೂ ಸಿರಿವಂತ ವರ್ತಕನ ಮಗಳಿಗೂ ಮದುವೆ ಮಾಡಿಸುತ್ತಾಳೆ. ಅಲ್ಲಿ ವರ್ತಕನ ಹಣ ಕತೆಯುದ್ದಕ್ಕೂ ಎಲ್ಲರ ಮುಂದೆಯೇ ಇರುತ್ತದೆ. ಅವನು ಮಗಳ ಮನೆಗೆ ಕೊಂಡುತರುವ ಸಾಮಾನುಗಳ ಬಗೆಗೂ ಮುಜುಗರವಿದೆ, ನಗೆಯಿದೆ. ಚೆನ್ನಮ್ಮನ ಕತೆಗಳಲ್ಲಿ ಸಿದ್ದಪ್ಪ ಶೆಟ್ಟಿಯ ಹಣದ ಸೊಲ್ಲೇ ಇಲ್ಲ. ಆತ ಏನನ್ನು ಮಾರುತ್ತಿದ್ದನೆಂಬುದನ್ನೂ ಅವು ಹೇಳುವುದಿಲ್ಲ. ಹಣದ ಲೆಕ್ಕವನ್ನು ಅಳಿಸಿದ ಮೇಲೆ ಉಳಿಯುವುದು ಒಬ್ಬ ಅರಸ, ಒಬ್ಬ ಚೆಲುವೆ ಮತ್ತು ನಡುವೆ ಒಂದು ದೊಡ್ಡ ಕಂದಕ. ಈ ಕಂದಕವನ್ನು ತೋಡಿದ್ದು ಇತಿಹಾಸಕ್ಕಿಂತ ಹೆಚ್ಚಾಗಿ ಕಥನವೇ.

ಕಂದಕವನ್ನು ತೋಡಿದ ಕಥನ ಅದನ್ನು ದಾಟಿಸುವ ಹೊಣೆಯನ್ನು ಇತಿಹಾಸಕ್ಕೆ ಒಪ್ಪಿಸುತ್ತದೆ. ಚೆನ್ನಮ್ಮಾಜಿ ಗಂಡನ ಕೊಲೆಯಾದ ಮೇಲೆ 1671ರಿಂದ ಸುಮಾರು ಇಪ್ಪತ್ತೈದು ವರ್ಷ ರಾಜ್ಯವಾಳಿದಳು. ಬಸವಪ್ಪ ನಾಯಕನನ್ನು ದತ್ತು ತೆಗೆದುಕೊಂಡು ಬೆಳೆಸಿದಳು. ಶಿವಾಜಿಯ ಮಗ ರಾಜಾರಾಮನಿಗೆ 1689ರಲ್ಲಿ ಆಶ್ರಯ ನೀಡಿ ಔರಂಗಜೇಬನ ಸೈನ್ಯವನ್ನು ಎದುರಿಸಿದಳು. ದತ್ತುಮಗನೇ ಮುಂದೆ ‘ಶಿವತತ್ತ್ವರತ್ನಾಕರ’ವೆಂಬ ಸಂಸ್ಕೃತ ವಿಶ್ವಕೋಶವನ್ನು ರಚಿಸಿದ ಕೆಳದಿ ಬಸವರಾಜ. ಜಾತ್ರೆಯ ಘಟ್ಟವನ್ನು ಓದುವಾಗಲೇ ಓದುಗರಿಗೆ ಇವೆಲ್ಲ ಗೊತ್ತಿರುತ್ತವೆ. ಮಂತ್ರಿ ಆಕ್ಷೇಪಿಸಿದಾಗ ‘ಇವನಿಗೇನು ಗೊತ್ತು’ ಎಂದು ಓದುಗರು ಒಳಗೇ ನಗುತ್ತಾರೆ. ಸಮಕಾಲೀನ ಕತೆಯೊಂದರಲ್ಲಿ ಇಂಥ ಮದುವೆ ಅಪಾಯದ ವಿಷಯ. ಹುಡುಗಿ ಬಾಳಿಯಾಳೇ, ಮನೆತನ ಉಳಿದೀತೇ ಎಂಬ ಆತಂಕ ಕಡೆಯವರೆಗೂ ಇರುತ್ತದೆ. ಐತಿಹಾಸಿಕ ಕಾದಂಬರಿಯಲ್ಲಿ ತೀರ್ಪು ಮೊದಲೇ ಬಂದಿರುತ್ತದೆ. ವಾದ ಆಮೇಲೆ ನಡೆಯುತ್ತದೆ. ಗಡಿ ದಾಟುವ ರೋಮಾಂಚನ ಬೇಕು, ದಾಟಿದ್ದರ ದಂಡ ಬೇಡ ಎನ್ನುವ ಓದುಗರ ಬಯಕೆಗೆ ಇದಕ್ಕಿಂತ ಹೊಂದುವ ಪ್ರಕಾರ ಇನ್ನೊಂದಿಲ್ಲ.

ಕಾಲದ ಅಂತರ ನೀಡುವ ಈ ಅಭಯದ ಬೆಲೆಯನ್ನು ಅರಿಯಲು ತ.ರಾ.ಸು. ಅವರತ್ತ ನೋಡಬೇಕು. ಸೂಳೆಕೆರೆಗೆ ಬಹುದೂರವಲ್ಲದ ಮಲೇಬೆನ್ನೂರಿನಲ್ಲಿ 1920ರಲ್ಲಿ ಹುಟ್ಟಿದ ಅವರು ಚಿತ್ರದುರ್ಗದ ಪಾಳೆಯಗಾರರ ಕತೆಯನ್ನು ಕಾದಂಬರಿ ಮಾಲೆಯಾಗಿ ಬರೆದರು. ‘ದುರ್ಗಾಸ್ತಮಾನ’ಕ್ಕೆ 1985ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಅದೇ ಲೇಖಕರು, ಅದೇ ಚಿತ್ರದುರ್ಗದಲ್ಲಿ, ತಮ್ಮ ಕಾಲದ ತರುಣನೊಬ್ಬನ ಕತೆಯನ್ನೂ ಬರೆದರು. ‘ನಾಗರಹಾವು’ ಮೊದಲಾದ ಮೂರು ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲರು 1972ರಲ್ಲಿ ನಿರ್ದೇಶಿಸಿದ ಚಲನಚಿತ್ರದಲ್ಲಿ ರಾಮಾಚಾರಿ ಹಾಗೂ ಮಾರ್ಗರೆಟ್ ದುರ್ಗದ ಬೆಟ್ಟದಿಂದ ಬಿದ್ದು ಸಾಯುತ್ತಾರೆ. ಕೋಟೆಯೂ ಬಂಡೆಯೂ ಬದಲಾಗಿಲ್ಲ. ನಾಯಕರ ಕಾಲದವರಿಗೆ ಕೋಟೆ ಕೊಟ್ಟ ಬಿಡುಗಡೆ ಇವರಿಗೆ ದೊರೆಯಲಿಲ್ಲ. ಇಬ್ಬರು ತರುಣರ ಮದುವೆಗೆ ಗತವೈಭವದ ಸಾಕ್ಷ್ಯ ಇರಲಿಲ್ಲವಷ್ಟೆ.

ಶಾಂತಲೆಯ ಕುರಿತ ಕಾದಂಬರಿಗಳು ಈ ಚರ್ಚೆಯಲ್ಲಿ ವಿಶೇಷ ಸ್ಥಾನ ಪಡೆಯುತ್ತವೆ. ಶಾಸನಗಳ ಪ್ರಕಾರ ಶಾಂತಲೆಯ ತಂದೆ ಪೆರ್ಗಡೆ ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಜೈನ. ಶಾಂತಲೆ ಪ್ರಭಾಚಂದ್ರ ಸಿದ್ಧಾಂತದೇವರ ಶಿಷ್ಯೆಯಾಗಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದಳು. ಪತಿ ವಿಷ್ಣುವರ್ಧನ ಬೇಲೂರಿನಲ್ಲಿ ವೈಷ್ಣವ ದೇಗುಲವನ್ನು ಎತ್ತಿಸಿದನು. ಆಕೆ ಕಣ್ಮುಚ್ಚಿದ್ದು 1131ರಲ್ಲಿ ಶೈವಕ್ಷೇತ್ರವಾದ ಶಿವಗಂಗೆಯಲ್ಲಿ. ಎರಡು ತಲೆಮಾರಿನಲ್ಲಿ ಮೂರು ಮತಗಳು ಒಂದೇ ಮನೆಯಲ್ಲಿ ಬಾಳಿದ ಈ ಸಂಗತಿ ಇಪ್ಪತ್ತನೆಯ ಶತಮಾನದ ಕಾದಂಬರಿಕಾರರನ್ನು ಸೆಳೆದುದು ಸಹಜ. ಸಿ. ಕೆ. ನಾಗರಾಜರಾವ್ ಅವರ ‘ಪಟ್ಟಮಹಾದೇವಿ ಶಾಂತಲದೇವಿ’ಗೆ 1983ರಲ್ಲಿ ಮೊತ್ತಮೊದಲ ಮೂರ್ತಿದೇವಿ ಪ್ರಶಸ್ತಿ ಸಂದಿತು. ಸಂಪುಟಗಟ್ಟಲೆ ಹರಡಿಕೊಂಡ ಈ ಕೃತಿ ಶಾಸನಗಳ ಅಭ್ಯಾಸದ ಮೇಲೆ ನಿಂತಿದೆ. ಅದರ ಶ್ರಮ ದೊಡ್ಡದು. ಆದರೂ ಓದಿ ಮುಗಿಸಿದ ಮೇಲೆ ಕಾಡುವುದು ಅದಕ್ಕಿಂತ ಹಿಂದಿನ, ಗಾತ್ರದಲ್ಲಿ ಕಿರಿದಾದ ಕೆ. ವಿ. ಅಯ್ಯರ್ ಅವರ ‘ಶಾಂತಲಾ’. ಬೆಂಗಳೂರಿನಲ್ಲಿ ಗರಡಿಮನೆ ನಡೆಸಿ ದೇಹದಾರ್ಢ್ಯ ಕಲಿಸಿದ ವ್ಯಕ್ತಿಯೊಬ್ಬರು ಇಷ್ಟು ಸುಕುಮಾರವಾದ ಕತೆ ಬರೆದರೆಂಬುದು ಕನ್ನಡ ಸಾಹಿತ್ಯದ ಸೋಜಿಗಗಳಲ್ಲೊಂದು. ಅಲ್ಲಿ ಶಾಂತಲೆ ಗೆಳತಿ ಲಕ್ಷ್ಮಿಯನ್ನು ಸವತಿಯಾಗಿ ತಾನೇ ತಂದುಕೊಳ್ಳುತ್ತಾಳೆ. ಪಟ್ಟದ ರಾಣಿಗೆ ಉತ್ತರಾಧಿಕಾರಿ ಇಲ್ಲದ ಸಂಕಟ, ಗೆಳೆತನ, ತ್ಯಾಗ ಇವು ಒಂದರೊಳಗೊಂದು ಹೆಣೆದುಕೊಂಡು ಮದುವೆಯ ಸುಖಕ್ಕೆ ಯಾರು ಏನು ತೆತ್ತರೆಂಬ ಪ್ರಶ್ನೆ ಕಡೆಯ ಪುಟದವರೆಗೂ ಉಳಿಯುತ್ತದೆ. ಕಾದಂಬರಿಯ ಭಾವಾತಿರೇಕವನ್ನು ಒಪ್ಪದವರೂ ಈ ಗುಣವನ್ನು ಅಲ್ಲಗಳೆಯಲಾರರು.

ಬೆಲೆ ತೆರುವ ಈ ಆಶಯ ಕಾದಂಬರಿಗೆ ಬಂದದ್ದು ಜನಪದ ಕಥನದಿಂದ. ಕನ್ನಡದ ಹೆಣ್ಣುಮಕ್ಕಳು ಹೇಳುವ ಕತೆಗಳಲ್ಲಿ ಅಸಮ ವಿವಾಹ ಹೇರಳವಾಗಿದೆ. ಬಡವಿಯ ಮಗಳು ಹೂವಿನ ಗಿಡವಾಗುವ ಕತೆಯಲ್ಲಿ ಅರಸನ ಮಗ ಆಕೆಯನ್ನು ಮದುವೆಯಾಗುತ್ತಾನೆ. ಹಂಚಿನ ಮುಖವಾಡ ತೊಟ್ಟ ಹಂಚಿಯ ಕತೆಯಲ್ಲಿ ಅಡುಗೆಮನೆಯ ಆಳು ಸಾಹುಕಾರನ ಸೊಸೆಯಾಗುತ್ತಾಳೆ. ಇವುಗಳನ್ನು ಕುರಿತು ಎ. ಕೆ. ರಾಮಾನುಜನ್ ಮಾಡಿದ ವಿವೇಚನೆ ಪ್ರಸಿದ್ಧವಾಗಿದೆ. ಗಂಡು ಕೇಂದ್ರದಲ್ಲಿರುವ ಕತೆಗಳು ಮದುವೆಯಲ್ಲಿ ಮುಗಿದರೆ ಹೆಣ್ಣು ಕೇಂದ್ರದಲ್ಲಿರುವ ಕತೆಗಳಲ್ಲಿ ಮದುವೆಯ ನಂತರವೇ ಪಾಡು ಆರಂಭವಾಗುತ್ತದೆ ಎಂಬುದು ಅವರ ಮಾತಿನ ಸಾರ. ಹೂವಾಗುವ ಹುಡುಗಿಯನ್ನು ನಾದಿನಿ ಕೊಂಬೆ ಮುರಿದು ಅಂಗಹೀನಳಾಗಿ ಮಾಡುತ್ತಾಳೆ. ‘ಕೆರೆಗೆ ಹಾರ’ದ ಭಾಗೀರಥಿಯದು ಸಮಾನರ ನಡುವಿನ ಮದುವೆಯೇ, ಆದರೂ ನೀರಿಗೆ ಬಲಿಯಾಗಬೇಕಾದವಳು ಹೊರಗಿನಿಂದ ಬಂದ ಸೊಸೆ, ಮನೆಯ ಮಗಳಲ್ಲ. ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂಬ ಗಾದೆಯ ನೆಲೆಯಿಂದ ನೋಡಿದರೆ ಎಲ್ಲ ಮದುವೆಗಳೂ ಒಂದಿಷ್ಟು ಅಸಮವೇ. ಹೆಣ್ಣು ಅರಿಯದ ಮನೆಗೆ ಹೋಗಿ ಅಲ್ಲಿ ತನ್ನ ಯೋಗ್ಯತೆಯನ್ನು ಸಿದ್ಧಪಡಿಸಬೇಕು. ಐತಿಹಾಸಿಕ ಕಾದಂಬರಿಯ ಓದುಗಿತ್ತಿಯರು ಶೆಟ್ಟಿಯ ಮಗಳು ಅರಮನೆಯ ಹೊಸ್ತಿಲು ದಾಟುವುದನ್ನು ಓದುವಾಗ ಅಲ್ಲಿ ತಮ್ಮ ಹೊಸ್ತಿಲನ್ನೂ ಕಾಣುತ್ತಾರೆ. ಅಮೆರಿಕದ ಪ್ರಣಯ ಕಾದಂಬರಿಗಳ ಓದುಗಿತ್ತಿಯರನ್ನು ಕುರಿತು ಜಾನಿಸ್ ರ‍್ಯಾಡ್‌ವೇ 1984ರಲ್ಲಿ ಪ್ರಕಟಿಸಿದ ಅಧ್ಯಯನ, ಮನೆಗೆಲಸದ ನಡುವೆ ತಮಗಾಗಿ ಕದ್ದ ಸಮಯವೇ ಅವರಿಗೆ ಆ ಓದು ಎಂಬುದನ್ನು ತೋರಿಸಿತು. ಕನ್ನಡದ ಓದುಗಿತ್ತಿಗೂ ಈ ಮಾತು ಸಲ್ಲುತ್ತದೆ. ಇಲ್ಲಿ ಕದ್ದ ಸಮಯದಲ್ಲಿ ಓದುವುದು ಸೊಸೆಯ ಕತೆಯನ್ನೇ ಎಂಬುದನ್ನು ಮಾತ್ರ ಸೇರಿಸಿಕೊಳ್ಳಬೇಕು.

ಹೀಗೆ ಅರ್ಥಮಾಡಿಕೊಂಡಾಗ ಕಾದಂಬರಿ ಜನಪದ ಕತೆಯಿಂದ ಏನನ್ನು ಬಿಟ್ಟಿತೆಂಬುದೂ ತಿಳಿಯುತ್ತದೆ. ಚೆನ್ನಮ್ಮನ ಕತೆಯಲ್ಲಿ ಮದುವೆಯ ನಂತರದ ಪಾಡು ಇದೆ. ಸೋಮಶೇಖರ ನಾಯಕ ಕಲಾವತಿಯೆಂಬ ನರ್ತಕಿಗೆ ಮರುಳಾದನೆಂದೂ, ಆಕೆಯ ಬೆನ್ನಿಗಿದ್ದ ಭರಮೆ ಮಾವುತನ ಕೈಗೊಂಬೆಯಾದನೆಂದೂ, ಚೆನ್ನಮ್ಮ ಅರಮನೆಯಲ್ಲಿ ಒಂಟಿಯಾದಳೆಂದೂ ಜನಪ್ರಿಯ ಕಥನ ಹೇಳುತ್ತದೆ. ತಪ್ಪಿನ ಹೊರೆಯೆಲ್ಲ ನರ್ತಕಿಯ ಮೇಲೆ ಬೀಳುತ್ತದೆ. ಶೆಟ್ಟಿಯ ಮಗಳೂ ನರ್ತಕಿಯೂ ಅರಮನೆಗೆ ಹೊರಗಿನವರೇ. ಇಬ್ಬರನ್ನೂ ಅರಸ ಸಾರ್ವಜನಿಕ ಸ್ಥಳದಲ್ಲಿ ಕಂಡು ಮೋಹಿಸಿದವನೇ. ಒಬ್ಬಳಿಗೆ ತಾಳಿ ದೊರೆಯಿತು, ಇನ್ನೊಬ್ಬಳಿಗೆ ದೊರೆಯಲಿಲ್ಲ. ತಾಳಿ ಪಡೆದವಳು ಗರತಿಯೆಂಬುದನ್ನು ಸ್ಥಾಪಿಸಲು ಕತೆಗೆ ಇನ್ನೊಬ್ಬಳು ಸೂಳೆಯಾಗಿ ಬೇಕಾಗುತ್ತಾಳೆ. ಐತಿಹಾಸಿಕ ಪ್ರಣಯ ಕಾದಂಬರಿಯ ಅತ್ಯಂತ ದುರ್ಬಲ ಪಾತ್ರಗಳು ಈ ನರ್ತಕಿಯರು. ಅವರಿಗೆ ಊರಿಲ್ಲ, ತಾಯಿಯಿಲ್ಲ, ಕಾರಣವಿಲ್ಲ. ಕಾಲ್ಗೆಜ್ಜೆಯೊಂದು ಮಾತ್ರ ಇದೆ.

ಈ ಹಂತದಲ್ಲಿ ಚನ್ನಗಿರಿಯಿಂದ ಕೆರೆಬಿಳಚಿಯತ್ತ, ಸೂಳೆಕೆರೆಯ ಏರಿಯತ್ತ ಹೊರಳಬೇಕಾಗುತ್ತದೆ. ಅಲ್ಲಿಯ ಐತಿಹ್ಯ ಈ ವಿಂಗಡಣೆಯನ್ನೇ ಒಪ್ಪುವುದಿಲ್ಲ.

ಬೆಟ್ಟಗಳ ನಡುವಿನ ಕಿರಿದಾದ ಕಣಿವೆಗೆ ಅಡ್ಡಲಾಗಿ ಹಾಕಿದ ಏರಿಯೊಂದು ಸಾವಿರಾರು ಎಕರೆಯ ನೀರನ್ನು ತಡೆದು ನಿಲ್ಲಿಸಿರುವುದು ಈ ಕೆರೆಯ ರಚನೆಯ ವಿಶೇಷ. ಇಲ್ಲಿಂದ ಹೊರಡುವ ಹರಿದ್ರಾ ಹರಿಹರದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ಕೆರೆಯ ಎರಡು ನಾಲೆಗಳಿಗೆ ಸಿದ್ಧನಾಲೆ, ಬಸವನಾಲೆ ಎಂಬ ಹೆಸರುಗಳಿವೆ. ಇದರ ಐತಿಹ್ಯವನ್ನು ಬಿ. ಎಲ್. ರೈಸ್ ತಮ್ಮ ಮೈಸೂರು ಗ್ಯಾಸೆಟಿಯರ್‌ನಲ್ಲಿ ಗುರುತಿಸಿದ್ದಾರೆ. ಮೌಖಿಕ ಪರಂಪರೆಯಲ್ಲಿ ಅದು ಹಲವು ಭಿನ್ನಪಾಠಗಳಲ್ಲಿ ಪ್ರಚಲಿತವಾಗಿದೆ. ಸ್ವರ್ಗಾವತಿ ಪಟ್ಟಣದ ಅರಸ ವಿಕ್ರಮರಾಯ. ಅವನ ಮಗಳು ಶಾಂತವ್ವೆ. ಆಕೆ ಸಿದ್ಧೇಶ್ವರನ ಸಂಗಕ್ಕೆ ಒಲಿಯುತ್ತಾಳೆ. ತಂದೆ ಸಿಟ್ಟಿನಿಂದ ಮಗಳನ್ನು ‘ಸೂಳೆ’ ಎಂದು ಬೈಯುತ್ತಾನೆ. ಕಳಂಕ ಕಳೆದುಕೊಳ್ಳಲು ಆಕೆ ಕೆರೆ ಕಟ್ಟಿಸಲು ಮುಂದಾಗುತ್ತಾಳೆ. ಕೆರೆಗೆ ಬೇಕಾದ ನೆಲ ಸೂಳೆಯರ ಕೇರಿಗೆ ಸೇರಿದ್ದು, ಕೆರೆಗೆ ತಮ್ಮ ಹೆಸರಿಡುವುದಾದರೆ ನೆಲ ಬಿಟ್ಟುಕೊಡುತ್ತೇವೆಂದು ಅವರು ಕರಾರು ಹಾಕುತ್ತಾರೆ, ಶಾಂತವ್ವೆ ಒಪ್ಪುತ್ತಾಳೆ. ಕೆಲವು ಹೇಳಿಕೆಗಳಲ್ಲಿ ಕರಾರಿನ ಭಾಗವಿಲ್ಲ. ತಂದೆಯ ಬೈಗುಳವೇ ಹೆಸರಾಗಿ ನಿಲ್ಲುತ್ತದೆ. ಇನ್ನು ಕೆಲವದರಲ್ಲಿ ತನ್ನ ಪಟ್ಟಣ ಮುಳುಗುವುದೆಂಬ ಕಾರಣಕ್ಕೆ ತಂದೆ ಶಪಿಸುತ್ತಾನೆ.

ಕರಾರಿನ ಪ್ರಸಂಗ ಈ ಐತಿಹ್ಯದ ತಿರುಳು. ಕಾದಂಬರಿಕಾರನ ಕೈಗೆ ಈ ವಸ್ತು ಸಿಕ್ಕಿದ್ದರೆ ಶಾಂತವ್ವೆಯು ಸೂಳೆಯಲ್ಲವೆಂದು ಸಾಬೀತುಪಡಿಸುವುದೇ ಕತೆಯ ಗುರಿಯಾಗುತ್ತಿತ್ತು. ತಂದೆ ಕಡೆಗೆ ಕಣ್ಣೀರಿಟ್ಟು ಮಗಳನ್ನು ಅಪ್ಪಿಕೊಳ್ಳುತ್ತಿದ್ದ. ಸಿದ್ಧೇಶ್ವರ ಮಾರುವೇಷದ ರಾಜಕುಮಾರನಾಗಿ ಹೊರಬೀಳುತ್ತಿದ್ದ. ಐತಿಹ್ಯ ಹಾಗೆ ಮಾಡುವುದಿಲ್ಲ. ಬೈಗುಳ ತಿಂದ ಅರಸುಕುವರಿಯನ್ನು ಅದು ಯಾರ ಹೆಸರಿನಿಂದ ಬೈಯಲಾಯಿತೋ ಅವರ ಮನೆಬಾಗಿಲಿಗೇ ಕಳಿಸುತ್ತದೆ. ಆಕೆ ಅವರ ಮುಂದೆ ನೆಲ ಬೇಡುತ್ತಾಳೆ. ಅವರು ಕೊಡುವ ಸ್ಥಾನದಲ್ಲಿದ್ದಾರೆ; ಆಕೆ ಪಡೆಯುವ ಸ್ಥಾನದಲ್ಲಿದ್ದಾಳೆ. ಅವರು ಕೇಳುವುದು ಹಣವನ್ನಲ್ಲ, ಹೆಸರನ್ನು. ಗರತಿಗೆ ಎದುರಾಗಿ ನಿಲ್ಲಿಸಲು ಕಾದಂಬರಿಗೆ ಬೇಕಾದ ಹೆಣ್ಣು ಇಲ್ಲಿ ನೆಲದ ಒಡತಿ, ಕೆರೆಯ ಸಹಭಾಗಿ. ಬೈಗುಳವನ್ನು ಅಳಿಸುವ ಬದಲು ಕತೆ ಅದನ್ನು ನೀರಿನ ಹೆಸರಾಗಿ ಮಾಡಿ ಊರೂರಿಗೆ ಹರಿಸುತ್ತದೆ.

‘ಸೂಳೆ’ ಎಂಬ ಶಬ್ದದ ಹಳೆಯ ಚರಿತ್ರೆಯೂ ಈ ಓದಿಗೆ ಒತ್ತಾಸೆಯಾಗಿದೆ. ಬಾದಾಮಿ ಚಾಲುಕ್ಯ ವಿಜಯಾದಿತ್ಯನ ಕಾಲದ (696–733) ಮಹಾಕೂಟದ ಶಾಸನವು ಅರಸನ ಪ್ರಾಣವಲ್ಲಭೆಯಾದ ವಿನಾಪೋಟಿಯನ್ನು ಸೂಳೆಯೆಂದೇ ಕರೆದು, ಗೌರವದ ಬಹುವಚನದಲ್ಲಿ ಆಕೆಯನ್ನು ಹೆಸರಿಸುತ್ತದೆ. ಆಕೆ ಹಿರಣ್ಯಗರ್ಭದಾನ ಮಾಡಿ ದೇವರಿಗೆ ಮಾಣಿಕ್ಯದ ಪೀಠವನ್ನೂ ಬೆಳ್ಳಿಯ ಕೊಡೆಯನ್ನೂ ಮಾಡಿಸಿ ಭೂಮಿಯನ್ನು ಬಿಟ್ಟವಳು. ಅವಳನ್ನು ನೆನೆದವರು ಆ ಶಬ್ದವನ್ನು ಬೈಗುಳವಾಗಿ ಬಳಸಿರಲಾರರು. ಸೂಳೆಕೆರೆ ಎಂಬ ಹೆಸರು ಮೊದಲು ಅಂಥ ದಾನಿಯೊಬ್ಬಳನ್ನು ಸೂಚಿಸುತ್ತಿದ್ದು, ಶಬ್ದದ ಮಾನ ಕೆಳಗಿಳಿದ ಮೇಲೆ ಅದನ್ನು ವಿವರಿಸಲು ಅರಸನ ಸಿಟ್ಟು, ಮಗಳ ಕಳಂಕ ಮುಂತಾದವು ಕತೆಗೆ ಸೇರಿರಬಹುದು. ಇದು ಊಹೆ, ಆದರೆ ಸ್ಥಳನಾಮದ ಐತಿಹ್ಯಗಳು ಬೆಳೆಯುವ ಕ್ರಮಕ್ಕೆ ವಿರುದ್ಧವಾದ ಊಹೆಯಲ್ಲ. ಶಾಂತವ್ವೆಯ ಹೆಸರನ್ನು ‘ಶಾಂತಿ’ಯಾಗಿಸಿ ಕೆರೆಯನ್ನು ಶಾಂತಿಸಾಗರವೆಂದು ಕರೆದದ್ದು ಇದೇ ಮುಜುಗರದ ಮುಂದಿನ ಘಟ್ಟ. ಸದುದ್ದೇಶದ ಕೆಲಸವೇ ಇರಬಹುದು. ಅದರಿಂದ ಕರಾರು ಮುರಿದಂತಾಯಿತೆಂಬುದನ್ನು ಮಾತ್ರ ಯಾರೂ ಗಮನಿಸಿದಂತಿಲ್ಲ.

ದೈವಗಳ ಅಸಮ ವಿವಾಹಗಳೊಂದಿಗೆ ಈ ಐತಿಹ್ಯವನ್ನು ಹೋಲಿಸಿದಾಗ ಇನ್ನೊಂದು ಭೇದ ಕಾಣುತ್ತದೆ. ಬಿಳಿಗಿರಿರಂಗ ಸೋಲಿಗರ ಕುಸುಮಾಲೆಯನ್ನು ಮದುವೆಯಾದ. ಆ ನಂಟಿನಿಂದ ಸೋಲಿಗರು ಅವನನ್ನು ಭಾವನೆಂದು ಕರೆಯುತ್ತಾರೆ. ಮೇಲುಕೋಟೆಯ ಚೆಲುವನಾರಾಯಣನಿಗೆ ಒಲಿದ ದೆಹಲಿ ಸುಲ್ತಾನನ ಮಗಳು ಬೀಬಿ ನಾಚ್ಚಿಯಾರಾಗಿ ಅಲ್ಲಿಯೇ ಪೂಜೆಗೊಳ್ಳುತ್ತಾಳೆ. ಎರಡು ಕಡೆಯೂ ಗಂಡು ದೊಡ್ಡವನು. ಅವನು ಇಳಿದು ಬಂದು ಹೆಣ್ಣನ್ನು ಎತ್ತಿಕೊಳ್ಳುತ್ತಾನೆ. ಚೆನ್ನಮ್ಮನ ಕತೆಯೂ ಇದೇ ಅಚ್ಚಿನದು. ಧರ್ಮಶಾಸ್ತ್ರಗಳ ಭಾಷೆಯಲ್ಲಿ ಹೇಳುವುದಾದರೆ ಇದು ಅನುಲೋಮ. ಐತಿಹಾಸಿಕ ಪ್ರಣಯ ಕಾದಂಬರಿ ಇಷ್ಟು ದೂರ ಧಾರಾಳವಾಗಿ ಬರುತ್ತದೆ. ಶಾಂತವ್ವೆಯದು ತಲೆಕೆಳಗಾದ ಚಿತ್ರ. ಇಲ್ಲಿ ಅರಸುತನ ಹೆಣ್ಣಿನದು, ಆಯ್ಕೆಯೂ ಹೆಣ್ಣಿನದು.

ಮೇಲಿನ ಕುಲದ ಹೆಣ್ಣು, ಕೆಳಗಿನದೆನಿಸಿದ ಕುಲದ ಗಂಡು ಎಂಬ ಈ ದಿಕ್ಕಿನಲ್ಲಿ ಕನ್ನಡ ನಾಡಿನ ನೆನಪು ಕತ್ತಲಾಗುತ್ತದೆ. ಕಲ್ಯಾಣದಲ್ಲಿ ಶರಣ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ನಡೆದ ಮದುವೆ ಹನ್ನೆರಡನೆಯ ಶತಮಾನದ ಚಳವಳಿಯನ್ನೇ ರಕ್ತದಲ್ಲಿ ಮುಳುಗಿಸಿತು. ಬೀಗರಿಬ್ಬರಿಗೂ ಎಳೆಹೂಟೆಯ ಶಿಕ್ಷೆಯಾಯಿತೆಂದು ಪರಂಪರೆ ಹೇಳುತ್ತದೆ. ಕನ್ನಡ ಚರಿತ್ರೆಯಲ್ಲಿ ಅಸಮ ವಿವಾಹವೆಂದು ಕರೆಯಲು ಇದಕ್ಕಿಂತ ದೊಡ್ಡ ಉದಾಹರಣೆ ಇಲ್ಲ. ಬಸವಣ್ಣನವರ ಕಾಲವನ್ನು ಕಾದಂಬರಿಮಾಲೆಯಾಗಿ ಬರೆದ ಬಿ. ಪುಟ್ಟಸ್ವಾಮಯ್ಯನವರ ‘ಕ್ರಾಂತಿಕಲ್ಯಾಣ’ಕ್ಕೆ 1964ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. ಆಮೇಲೆ ಈ ಕಾಲವನ್ನು ಬಲವಾಗಿ ಕೈಗೆತ್ತಿಕೊಂಡವರು ನಾಟಕಕಾರರು: ಲಂಕೇಶರ ‘ಸಂಕ್ರಾಂತಿ’, ಎಚ್. ಎಸ್. ಶಿವಪ್ರಕಾಶರ ‘ಮಹಾಚೈತ್ರ’, ಗಿರೀಶ ಕಾರ್ನಾಡರ ‘ತಲೆದಂಡ’. ಪ್ರಣಯ ಕಾದಂಬರಿಗೆ ಈ ವಸ್ತು ಒಗ್ಗದಿರುವುದಕ್ಕೆ ಕಾರಣ ಸ್ಪಷ್ಟ. ಇಲ್ಲಿ ಇತಿಹಾಸ ಅಭಯ ನೀಡುವುದಿಲ್ಲ. ತೀರ್ಪು ಮೊದಲೇ ಬಂದಿದೆ, ಆದರೆ ಅದು ಮದುಮಕ್ಕಳ ವಿರುದ್ಧ ಬಂದಿದೆ.

ಇದಕ್ಕಿಂತ ಕಠೋರವಾದದ್ದು ಮಾರಿಹಬ್ಬದೊಂದಿಗೆ ಹೆಣೆದುಕೊಂಡ ಕತೆ. ಅಸ್ಪೃಶ್ಯನೆನಿಸಿದ ತರುಣನೊಬ್ಬ ಕುಲ ಮರೆಸಿ ಬ್ರಾಹ್ಮಣ ಕನ್ಯೆಯನ್ನು ಮದುವೆಯಾದನೆಂದೂ, ನಿಜ ತಿಳಿದ ಆಕೆ ಮಾರಿಯಾದಳೆಂದೂ, ಬಲಿಯ ಕೋಣ ಆ ಗಂಡನೇ ಎಂದೂ ಕರ್ನಾಟಕದ ಹಲವೆಡೆ ಹೇಳುವುದುಂಟು. ಕತೆಯನ್ನು ಕಟ್ಟಿದವರ ಹಿತ ಅದರಲ್ಲಿ ಎದ್ದು ಕಾಣುತ್ತದೆ. ಮಾರಿಯ ಜಾತ್ರೆ ಅಸಮ ವಿವಾಹಕ್ಕೆ ಪ್ರತಿಬಾರಿಯೂ ಮರಣದಂಡನೆ ವಿಧಿಸುತ್ತದೆ. ರಾಮೇಶ್ವರನ ಜಾತ್ರೆ ಅದೇ ಅಸಮ ವಿವಾಹಕ್ಕೆ ಅರಸನನ್ನು ಕರೆತರುತ್ತದೆ. ಗಂಡು ಯಾವ ಕಡೆಯಿಂದ ಬಂದನೆಂಬುದೊಂದೇ ವ್ಯತ್ಯಾಸ. ಚೆನ್ನಮ್ಮನ ಕತೆಯನ್ನು ಓದಿ ಮನಸ್ಸು ಹಗುರವಾದ ಓದುಗರು ಈ ಇನ್ನೊಂದು ಜಾತ್ರೆಯ ಸಮಾಜದೊಳಗೇ ಕುಳಿತು ಓದುತ್ತಿರುತ್ತಾರೆ. ಅಂಥವರಿಗೆ ಕಾದಂಬರಿ ಮೋಸ ಮಾಡಿತೆನ್ನುವುದು ದುಡುಕಿನ ಮಾತು. ದಾಟಬಹುದಾದ ಗಡಿಯೊಂದನ್ನು ತೋರಿಸುವ ಮೂಲಕ ಅದು ಗಡಿಗಳು ದಾಟಲು ಸಿಗುವಂಥವೆಂಬ ಭಾವವನ್ನಾದರೂ ಉಳಿಸುತ್ತದೆ. ದಾಟಲಾಗದ್ದನ್ನು ಕಣ್ಣಿಗೆ ಬೀಳದಂತೆ ಬದಿಗಿಡುತ್ತದೆ ಎಂಬ ಆಕ್ಷೇಪವೂ ಅಷ್ಟೇ ನಿಜ.

ಸೂಳೆಕೆರೆಯ ಐತಿಹ್ಯ ಇವೆರಡರ ನಡುವೆ ಎಲ್ಲಿ ನಿಲ್ಲುತ್ತದೆ? ಶಾಂತವ್ವೆಗೆ ಸಾವಿನ ಶಿಕ್ಷೆಯಾಗುವುದಿಲ್ಲ. ಅರಮನೆಯ ಕ್ಷಮೆಯೂ ದೊರೆಯುವುದಿಲ್ಲ. ಆಕೆಯ ನಂಟಿನಿಂದ ಸಿದ್ಧೇಶ್ವರನನ್ನು ಅಳಿಯನೆಂದು ಕರೆಯುವ ಕುಲವೂ ಇಲ್ಲ. ಉಳಿದದ್ದು ನೀರು. ಸಿದ್ಧನ ಹೆಸರು ನಾಲೆಯೊಂದಕ್ಕೆ ಸಂದಿದೆ. ಸೂಳೆಯರ ಹೆಸರು ಕೆರೆಗೆ. ಅರಸನ ಪಟ್ಟಣ ಕೆಲವು ಹೇಳಿಕೆಗಳ ಪ್ರಕಾರ ನೀರಿನ ಅಡಿಯಲ್ಲಿದೆ. ಈ ಐತಿಹ್ಯದ ಭಿನ್ನಪಾಠಗಳಲ್ಲಿ ಕೆಲವು ಶಾಂತವ್ವೆ ಹಾಗೂ ಸಿದ್ಧೇಶ್ವರರ ನಂಟನ್ನು ಮದುವೆಯೆಂದು ಹೇಳುತ್ತವೆ, ಕೆಲವು ಸಂಗವೆಂದಷ್ಟೇ ಹೇಳಿ ಮುಂದೆ ಸಾಗುತ್ತವೆ. ಮುಂದಿನ ಸಂಗ್ರಹಕಾರರು ಯಾವ ಪಾಠ ಸರಿಯೆಂದು ವಿಚಾರಿಸುವುದಕ್ಕಿಂತ, ಮದುವೆಯೆಂದವರು ಯಾರ ಮುಂದೆ ಹೇಳಿದರು, ಸಂಗವೆಂದವರು ಯಾರ ಮುಂದೆ ಹೇಳಿದರು, ಕರಾರಿನ ಪ್ರಸಂಗವನ್ನು ಕೈಬಿಟ್ಟವರು ಯಾರು ಎಂಬುದನ್ನು ಕೆರೆಬಿಳಚಿ, ಸಂತೇಬೆನ್ನೂರು, ಮಲೇಬೆನ್ನೂರುಗಳ ಆಸುಪಾಸಿನಲ್ಲಿ ಹೇಳಿಕೆಯ ಸಂದರ್ಭಸಹಿತ ದಾಖಲಿಸಬೇಕಾಗಿದೆ.